ಮುದಿ ಪಿಕಪ್ಪು, ದಿನದ ದುಡಿಮೆ

ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಹಳೆಯ ಜೀಪ್ ಪಿಕಪ್ ನಿಂತಿದೆ ಎಂದು ಇಟ್ಟುಕೊಳ್ಳಿ. ಕೊಂಡು ಇನ್ನೂ ವಾರ ತುಂಬಿಲ್ಲ. ಎಡಗಡೆಯ ಹಿಂದಿನ ಗಾಲಿ ಪಂಕ್ಚರ್. ಹಿಂದೆ ಹೌದಾದಲ್ಲಿ ಹಾಲಿನ ಕ್ಯಾನುಗಳಿವೆ, ಬಿಸಿಲು ಏರುತ್ತಿದೆ. ಒಡೆಯ ಪಾನಾ ಹಾಕಿ, ಎಲ್ಲ ನಟ್ಟುಗಳನ್ನು ಬಿಚ್ಚುವ ಹಾಗೆ ಇದನ್ನೂ ಎಡಕ್ಕೆ ತಿರುಗಿಸುತ್ತಾನೆ. ಅಲುಗುವುದಿಲ್ಲ. ಪಾನಾದ ಮೇಲೆ ಹತ್ತಿ ನಿಂತು ತುಳಿಯುತ್ತಾನೆ. ಆಗಲೂ ಅಲುಗುವುದಿಲ್ಲ. ಕೊನೆಗೆ ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಜಗ್ಗಿದಾಗ ಟಕ್ಕೆಂದು ಸದ್ದಾಗಿ ಸ್ಟಡ್ಡೇ ಮುರಿದು ಬರುತ್ತದೆ. ಸೈಕಲ್ ಮೇಲೆ ಹೊರಟಿದ್ದ ಹಿರಿಯರೊಬ್ಬರು ಇಳಿದು ಬಂದು ಬಗ್ಗಿ ನೋಡುತ್ತಾರೆ. "ತಮ್ಮಾ, ಸ್ಟಡ್ಡಿನ ತುದಿ ವರಸಿ ನೋಡು. ‘ಎಲ್’ ಅಕ್ಷರ ಐತಿ. ಈ ಗಾಡಿದು ಎಡಗಡೆ ಗಾಲಿ ಎಲ್ಲಾ ಉಲ್ಟಾ ಥ್ರೆಡ್ಡು. ನೀ ಬಿಚ್ಚಾಕ ಹತ್ತಿದ್ದಿಲ್ಲ, ಇನ್ನೂ ಬಿಗಿ ಮಾಡಾಕ ಹತ್ತಿದ್ದಿ."

ಹಳೆಯ ವಿಲಿಸ್ ಜೀಪಿನಲ್ಲೂ ಅದೇ ನಕ್ಷೆಯ ಮೇಲೆ ಬಂದ ಮಹೀಂದ್ರಾ ಗಾಡಿಗಳಲ್ಲೂ ಇದು ನಿಜವಾಗಿ ಇರುವ ವ್ಯವಸ್ಥೆ. ಗಾಡಿ ಮುಂದಕ್ಕೆ ಓಡುವಾಗ ಎಡಗಾಲಿಯ ನಟ್ಟು ತಾನಾಗಿ ಸಡಿಲವಾಗಬಾರದು ಎಂದು ಆ ಕಾಲದ ಎಂಜಿನಿಯರುಗಳು ಎಡಗಡೆಯ ಥ್ರೆಡ್ಡನ್ನೇ ತಿರುವಿಟ್ಟರು. ಅದೇ ರಸ್ತೆಬದಿಯಲ್ಲಿ ಕಾಯುವ ಇನ್ನೊಂದು ಸಂಗತಿ ಇದೆ. ಈ ಗಾಡಿಗಳ ಹ್ಯಾಂಡ್‌ಬ್ರೇಕು ಹಿಂದಿನ ಗಾಲಿಗಳ ಡ್ರಮ್ಮಿನಲ್ಲಿಲ್ಲ. ಗೇರ್‌ಪೆಟ್ಟಿಗೆಯ ಹಿಂದೆ, ಪ್ರೊಪೆಲರ್ ಶಾಫ್ಟಿನ ತಲೆಯ ಮೇಲಿದೆ. ಹಿಂದಿನ ಒಂದು ಗಾಲಿಯನ್ನು ಜ್ಯಾಕಿನ ಮೇಲೆ ಎತ್ತಿದರೆ ಡಿಫರೆನ್ಶಿಯಲ್ಲಿನ ಕಾರಣದಿಂದ ಆ ಗಾಲಿ ಗಾಳಿಯಲ್ಲಿ ತಿರುಗಬಹುದು. ಹ್ಯಾಂಡ್‌ಬ್ರೇಕು ಎಳೆದಿದ್ದರೂ ಗಾಡಿ ಜರುಗಿ ಜ್ಯಾಕಿನಿಂದ ಬೀಳಬಹುದು. ಹಳಬರು ಜ್ಯಾಕಿಗೆ ಕೈ ಹಾಕುವ ಮೊದಲು ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಡುವುದು ಇದಕ್ಕೇ.

ಕೇಳುಗರೇ, ಹಳೆಯ ಪಿಕಪ್ ಕೊಂಡವನಿಗೆ ಇಂಥ ಹತ್ತಾರು ಸಂಗತಿಗಳು ಒಂದೊಂದಾಗಿ ಎದುರಾಗುತ್ತವೆ. ಷೋರೂಮಿನಿಂದ ಗಾಡಿ ತಂದವನ ಕೈಯಲ್ಲಿ ಪುಸ್ತಕ ಇರುತ್ತದೆ. ಇವನಿಗೆ ಅದು ಸಿಗುವುದು ಊರಿನ ಬಾಯಲ್ಲಿ, ಗ್ಯಾರೇಜಿನ ಕಟ್ಟೆಯ ಮೇಲೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸೀಮೆ ಆ ಬಾಯಿಮಾತಿನ ಪುಸ್ತಕಕ್ಕೆ ಹೇಳಿ ಮಾಡಿಸಿದ ಜಾಗ. ಮರಾಠಿ, ಕನ್ನಡ ಎರಡೂ ಕಲೆತು ಹರಿಯುವ ಈ ಕಡೆ ಗುಜರಿ ಸಾಮಾನಿಗೆ ಮರಾಠಿಯಲ್ಲಿ ‘ಭಂಗಾರ’ ಎನ್ನುತ್ತಾರೆ. ಕನ್ನಡಿಗರ ಕಿವಿಗೆ ಅದರಲ್ಲಿ ಬಂಗಾರವೇ ಕೇಳಿಸುತ್ತದೆ. ಒಂದು ಉಸಿರಿನಷ್ಟು ಫರಕು. ಒಳ್ಳೆಯ ಮಿಸ್ತ್ರಿಯ ಕೈಯಲ್ಲಿ ಆ ಫರಕು ಇನ್ನೂ ಕಡಿಮೆಯಾಗುತ್ತದೆ.

ಈ ಗಾಡಿಗಳ ಕುಲ ತಿಳಿದಿದ್ದರೆ ದುರಸ್ತಿ ಅರ್ಧ ಹಗುರ. 1945ರಲ್ಲಿ ಹುಟ್ಟಿದ ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆಮೇಲೆ ಬಂದ ಎತ್ತರದ ಬಾನೆಟ್ಟಿನ ಸಿಜೆ–3ಬಿ ನಮ್ಮ ಹಳ್ಳಿಗಳ ಕಣ್ಣಿಗೆ ‘ಜೀಪು’ ಎಂದರೆ ಇದೇ ಎಂಬಷ್ಟು ರೂಢಿಯಾಯಿತು. ಬಾನೆಟ್ಟು ಎತ್ತರವಾದದ್ದು ಅಂದಕ್ಕಲ್ಲ. ಒಳಗಿನ ಹರಿಕೇನ್ ಎಂಜಿನ್ನು ಹಳೆಯ ಎಂಜಿನ್ನಿಗಿಂತ ಎತ್ತರವಾಗಿತ್ತು. ಅದರ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿ. ನಾಲ್ಕು ಸಿಲಿಂಡರು, ಸುಮಾರು 2,200 ಸಿಸಿ, ಫೈರಿಂಗ್ ಆರ್ಡರು 1–3–4–2. ಅದೇ ಎಂಜಿನ್ನಿನ ಮೇಲೆ ಡ್ರೈವರನನ್ನು ಮುಂದಕ್ಕೆ ತಂದು ಕೂರಿಸಿದ, ಮೂಗೇ ಇಲ್ಲದ ಎಫ್‌ಸಿ–150 ಪಿಕಪ್ಪನ್ನು ಅಮೆರಿಕದಲ್ಲಿ 1956ರ ಕೊನೆಗೆ ಬಿಡುಗಡೆ ಮಾಡಿದರು. ಅದರ ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಅಲ್ಲಿ ಅದು ಹೆಚ್ಚು ಓಡಲಿಲ್ಲ, 1965ಕ್ಕೆ ನಿಂತುಹೋಯಿತು. ಅದೇ ಹೊತ್ತಿಗೆ ಮಹೀಂದ್ರಾ ಅದನ್ನು ಇಲ್ಲಿ ಕೈಗೆತ್ತಿಕೊಂಡಿತು. ಅಮೆರಿಕ ಕೈಬಿಟ್ಟ ಗಾಡಿ ನಮ್ಮ ಕಚ್ಚಾ ರಸ್ತೆಗಳಲ್ಲಿ ಮುಂದೆ ಬಹಳ ವರ್ಷ ಹೊರೆ ಹೊತ್ತಿತು. ಇಂದು ಅಮೆರಿಕ, ಯೂರೋಪಿನ ಜೀಪ್ ಪ್ರೇಮಿಗಳು ಭಾರತದಲ್ಲಿ ತಯಾರಾದ ಬಿಡಿಭಾಗಗಳನ್ನು ತರಿಸಿಕೊಳ್ಳುತ್ತಾರೆ. ನಾವು ಒಂದು ವಿನ್ಯಾಸವನ್ನು ಅಷ್ಟು ಕಾಲ ಬದುಕಿಸಿದ್ದರ ಫಲ ಇದು.

ಬದುಕಿಸುವ ಕೈ ಕೊಲ್ಹಾಪುರಕ್ಕೆ ಬಂದದ್ದು ನೀರಿನಿಂದ. ಪಂಚಗಂಗೆ, ದೂಧಗಂಗೆ, ವೇದಗಂಗೆಯ ದಂಡೆಗಳಲ್ಲಿ ಕಬ್ಬು ಹೆಚ್ಚಿತು, ನೀರೆತ್ತಲು ಆಯಿಲ್ ಎಂಜಿನ್ನುಗಳು ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲಾಯಿತಿಯ ಬಿಡಿಭಾಗಗಳು ಬರುವುದು ಕಷ್ಟವಾದಾಗ ಇಲ್ಲಿಯವರು ತಾವೇ ಎರಕ ಹೊಯ್ದರು, ತಾವೇ ಕಡೆದರು. ಮ್ಹಾದಬಾ ಮೇಸ್ತ್ರಿ, ವೈ.ಪಿ. ಪೊವಾರ ಇಂಥವರ ಹೆಸರನ್ನು ಅಲ್ಲಿಯ ಉದ್ಯಮದವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಶಿವಾಜಿ ಉದ್ಯಮನಗರದ ಓಣಿಗಳಲ್ಲಿ ಹಾದರೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವೆಲ್ಡಿಂಗ್, ಲೇಥ್ ಒಂದರ ಪಕ್ಕ ಒಂದು. ಶಿರೋಲಿ, ಗೋಕುಲ ಶಿರಗಾಂವಗಳ ಫೌಂಡ್ರಿಗಳಿಂದ ದೇಶದ ದೊಡ್ಡ ದೊಡ್ಡ ವಾಹನ ಕಂಪನಿಗಳಿಗೆ ಎರಕದ ಭಾಗಗಳು ಹೋಗುತ್ತವೆ. ಇದೇ ಗುಣ ಗಡಿಯ ಈಚೆಗೂ ಉಂಟು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಭಾಷೆ ಯಾವುದಾದರೂ ಇರಲಿ, ಕೆಟ್ಟದ್ದನ್ನು ಬಿಚ್ಚಿ ನೋಡುವ ಧೈರ್ಯ ಈ ಸೀಮೆಯ ಸೊತ್ತು.

ಆದರೆ ಕೊಳ್ಳುವಾಗ ಧೈರ್ಯಕ್ಕಿಂತ ಅನುಮಾನ ಮುಂದಿರಬೇಕು. ಈ ಭಾಗದಲ್ಲಿ ಮೊದಲ ಅನುಮಾನ ಮಹಾಪೂರದ್ದು. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು, 2021ರ ಜುಲೈಯಲ್ಲಿ ಮತ್ತೆ ಬಂತು. ಎರಡೂ ಸಲ ಹೆದ್ದಾರಿಯೇ ಬಂದಾಯಿತು. ನೀರಲ್ಲಿ ನಿಂತಿದ್ದ ಗಾಡಿಗೆ ಹೊಸ ಬಣ್ಣ ಬಳಿದು ಮಾರುವುದು ಏನೂ ಕಷ್ಟವಲ್ಲ. ಬಣ್ಣ ನೋಡಬಾರದು. ಸೀಟಿನ ಕೆಳಗಿನ ಸ್ಪ್ರಿಂಗು ತುಕ್ಕು ಹಿಡಿದಿದೆಯೇ, ಚಾಸಿಯ ಅಡ್ಡಪಟ್ಟಿಯ ಒಳಗೆ ಬೆರಳು ಹಾಕಿದರೆ ಒಣಗಿದ ಮೆತ್ತನೆಯ ಕೆಸರು ಬರುತ್ತದೆಯೇ, ಡಿಫರೆನ್ಶಿಯಲ್ಲಿನ ಮೇಲಿನ ಪ್ಲಗ್ ಬಿಚ್ಚಿದರೆ ಆಯಿಲು ಚಹಾದ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಬೇಕು. ಗೇರ್ ಆಯಿಲಿಗೆ ನೀರು ಸೇರಿದರೆ ಅದು ಹಾಲು ಹಾಕಿದ ಚಹಾದ ಹಾಗೆ ಕಾಣುತ್ತದೆ. ಆ ಬಣ್ಣ ಕಂಡರೆ ಬೇರಿಂಗುಗಳ ಲೆಕ್ಕವನ್ನು ಬೆಲೆಯಲ್ಲಿ ಕಳೆಯಬೇಕು, ಇಲ್ಲವೇ ನಮಸ್ಕಾರ ಹೇಳಿ ಎದ್ದು ಬರಬೇಕು.

ಎರಡನೆಯದು ಕಾಗದ. ಎಷ್ಟೋ ಹಳೆಯ ಪೆಟ್ರೋಲ್ ಜೀಪುಗಳಿಗೆ ನಡುವೆ ಯಾರೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ಆರ್‌ಸಿಯಲ್ಲಿ ಮಾತ್ರ ಹಳೆಯ ಎಂಜಿನ್ ನಂಬರೇ ಉಳಿದಿರುತ್ತದೆ. ಬ್ಲಾಕಿನ ಮೇಲಿನ ನಂಬರು, ಚಾಸಿಯ ನಂಬರು, ಆರ್‌ಸಿ ಮೂರೂ ಕೂಡಿ ಬರದಿದ್ದರೆ ಮುಂಗಡ ಕೊಡುವುದೇ ತಪ್ಪು. ಚಿಕ್ಕೋಡಿಯ ಕೆಎ–23 ಗಾಡಿಯನ್ನು ಗಡಹಿಂಗ್ಲಜಕ್ಕೆ ತಂದು ಇಟ್ಟುಕೊಳ್ಳುವುದಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಸರಕು ಗಾಡಿ ಎಂದು ನೋಂದಣಿಯಾಗಿದ್ದರೆ ಹಳೆಯದಕ್ಕೆ ವರ್ಷವರ್ಷ ಫಿಟ್‌ನೆಸ್ ಮಾಡಿಸಬೇಕು. ಖಾಸಗಿ ಗಾಡಿಯಾದರೆ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಲ್ಲಿ ಖಾಸಗಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದವುಗಳಿಗೆ ಆಮೇಲೆ ಇನ್ನೂ ಹೆಚ್ಚಿತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗಳಿಗೆ ‘ವಿಂಟೇಜ್’ ನೋಂದಣಿ ತಂದಿತು. ನಂಬರಿನಲ್ಲಿ ‘ವಿಎ’ ಅಕ್ಷರ, ಹತ್ತು ವರ್ಷದ ಅವಧಿ, 20,000 ರೂಪಾಯಿ ಶುಲ್ಕ. ಹೆಸರು ಕೇಳಿ ಹಿಗ್ಗಿ ಕೆಲವರು ಅರ್ಜಿ ಹಾಕಲು ಹೊರಡುತ್ತಾರೆ. ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಹೊಡೆಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ದುರಸ್ತಿ ಇಷ್ಟಕ್ಕೇ ಅದು ರಸ್ತೆಗೆ ಇಳಿಯಬೇಕು. ಕೊಲ್ಹಾಪುರದ ರಾಜಮನೆತನದ 1936ರ ಕೇಸರಿ ಬಣ್ಣದ ಮೇಬ್ಯಾಕ್ ಕಾರು ದಸರೆಗೆ ಹೊರಬಂದರೆ ಊರಿಗೆ ಊರೇ ನೋಡಲು ನಿಲ್ಲುತ್ತದೆ, ನಿಲ್ಲಲೇಬೇಕಾದ ಚೆಲುವು ಅದು. ಹಾಲು, ಮೇವು, ಬೆಲ್ಲ ಹೊರುವ ಪಿಕಪ್ಪಿನ ದಾರಿ ಬೇರೆ. ಅದಕ್ಕೆ ಸಾದಾ ನಂಬರು, ಸಾದಾ ವಿಮೆ, ಚಾಲ್ತಿಯಲ್ಲಿರುವ ಹೊಗೆ ಸರ್ಟಿಫಿಕೇಟು.

ಗಾಡಿ ಮನೆಗೆ ಬಂತು. ಪೂಜೆಯಾಯಿತು, ನಿಂಬೆಹಣ್ಣು ಒಡೆಯಿತು. ಮೊದಲ ತಿಂಗಳ ದುಡ್ಡು ಎಲ್ಲಿಗೆ ಹೋಗಬೇಕು? ಬಣ್ಣಕ್ಕೂ ಅಲ್ಲ, ಎಂಜಿನ್ನಿಗೂ ಅಲ್ಲ. ಬ್ರೇಕಿಗೆ.

ಈ ಗಾಡಿಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ಲೈನು. ಈಗಿನ ಗಾಡಿಗಳಲ್ಲಿ ಎರಡು ಪಾಲು ಇರುತ್ತವೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಇದರಲ್ಲಿ ಯಾವುದೋ ಒಂದು ಗಾಲಿಯ ರಬ್ಬರ್ ಕಪ್ಪು ಸೋರಿದರೂ ಪೆಡಲು ನೆಲಕ್ಕೆ ಇಳಿದು ನಾಲ್ಕೂ ಬ್ರೇಕು ಹೋಗುತ್ತವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿ ಸಿಲಿಂಡರಿನೊಳಗೆ ತುಕ್ಕಿನ ಗುಳಿ ಮಾಡಿರುತ್ತದೆ. ಹೊಸ ಕಪ್ಪು ಹಾಕಿದರೂ ಆ ಗುಳಿಯ ಮೇಲೆ ಓಡಾಡಿ ತಿಂಗಳಲ್ಲೇ ಹರಿಯುತ್ತದೆ. ಗುಳಿ ಬಿದ್ದ ಸಿಲಿಂಡರನ್ನು ಲೇಥಿಗೆ ಒಯ್ದು ಸ್ಲೀವ್ ಹಾಕಿಸಬೇಕು, ಇಲ್ಲವೇ ಬದಲಿಸಬೇಕು. ರಬ್ಬರ್ ಹೋಸುಗಳನ್ನು ನೋಡಲು ಚೆನ್ನಾಗಿದ್ದರೂ ತೆಗೆದು ಹಾಕಬೇಕು, ಏಕೆಂದರೆ ಅವು ಒಳಗಿನಿಂದ ಉಬ್ಬಿ ಮುಚ್ಚಿಕೊಂಡಿರುತ್ತವೆ. ಆಗ ಪೆಡಲು ಬಿಟ್ಟರೂ ಒಂದು ಗಾಲಿ ಹಿಡಿದೇ ಇರುತ್ತದೆ, ಐದು ಕಿಲೋಮೀಟರು ಓಡಿಸಿ ಡ್ರಮ್ಮಿನ ಹತ್ತಿರ ಕೈ ತಂದರೆ ಕಾವು ಬಡಿಯುತ್ತದೆ. ಎಣ್ಣೆ ತುಂಬಿ ಹವಾ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಬಹಳ ದೂರದ ಗಾಲಿಯಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುವುದು ಕ್ರಮ. ಎಂಜಿನ್ ಆಯಿಲನ್ನು ಅಪ್ಪಿತಪ್ಪಿಯೂ ಅದರೊಳಗೆ ಸುರಿಯಬಾರದು, ರಬ್ಬರೆಲ್ಲ ಊದಿಕೊಂಡು ಇಡೀ ಲೈನೇ ಹಾಳು.

ನಿಲ್ಲುವುದು ಸರಿಯಾದ ಮೇಲೆ ಹೊರಡುವ ಮಾತು. ಮುಂಜಾನೆ ಸೆಲ್ಫ್ ಹೊಡೆದರೆ ಎಂಜಿನ್ನು ತಿರುಗುತ್ತದೆ, ಹಿಡಿಯುವುದಿಲ್ಲ. ಹೊಸಬ ಇಲ್ಲಿ ಮಾಡುವ ತಪ್ಪು ಒಂದೇ. ಬ್ಯಾಟರಿ ಸಾಯುವವರೆಗೂ ಸೆಲ್ಫ್ ಹೊಡೆಯುತ್ತಾನೆ. ಅನುಭವಿ ಎರಡು ಸಲ ಹೊಡೆದು ಕೆಳಗಿಳಿಯುತ್ತಾನೆ. ಅವನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಕರೆಂಟು ಬರುತ್ತಿದೆಯೇ, ಪೆಟ್ರೋಲು ಬರುತ್ತಿದೆಯೇ? ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ಅದರ ರಬ್ಬರ್ ಭಾಗವನ್ನು ಒಣ ಬಟ್ಟೆಯಲ್ಲಿ ಹಿಡಿದು, ತುದಿಯನ್ನು ಬ್ಲಾಕಿನಿಂದ ಒಂದು ಜೋಳದ ಕಾಳಿನಷ್ಟು ದೂರ ಇಟ್ಟು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳುತ್ತಾನೆ. ಇದಕ್ಕೆ ಮೊದಲು ಅಲ್ಲೆಲ್ಲೂ ಪೆಟ್ರೋಲು ಸೋರಿಲ್ಲ ಎಂದು ನೋಡಿಕೊಂಡಿರುತ್ತಾನೆ. ನೀಲಿ ಕಿಡಿ ಚಟಚಟ ಹಾರಿದರೆ ಕಾಯಿಲು, ಪಾಯಿಂಟು ಸರಿ. ಹಳದಿಯಾಗಿ ಸೋತ ಕಿಡಿ ಬಂದರೆ, ಇಲ್ಲವೇ ಬರದೇ ಹೋದರೆ, ಡಿಸ್ಟ್ರಿಬ್ಯೂಟರಿನ ಟೋಪಿ ತೆಗೆಯಬೇಕು.

ಟೋಪಿಯೊಳಗೆ ಪಾಯಿಂಟು ಎನ್ನುವ ಎರಡು ಪುಟ್ಟ ಲೋಹದ ತುಟಿಗಳಿವೆ. ಎಂಜಿನ್ನು ತಿರುಗಿದ ಹಾಗೆ ಅವು ತೆರೆದು ಮುಚ್ಚುತ್ತವೆ, ತೆರೆದ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ. ಸುಟ್ಟು ಸುಟ್ಟು ಒಂದು ತುಟಿಯ ಮೇಲೆ ಗುಳಿ, ಇನ್ನೊಂದರ ಮೇಲೆ ಗುಬುಟು ಆಗುತ್ತದೆ. ಸಣ್ಣ ಪಾಲೀಸ್ ಪೇಪರಿನಿಂದ ಮೆಲ್ಲಗೆ ತಿಕ್ಕಿ, ಬಿಳಿ ರಟ್ಟಿನ ಚೂರನ್ನು ನಡುವೆ ಎಳೆದು ಒರೆಸಿದರೆ ಕರಿಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೂ ಎಳೆಯಬೇಕು. ಆಮೇಲೆ ಫೀಲರ್ ಗೇಜು. ಹರಿಕೇನ್ ಎಂಜಿನ್ನಿಗೆ ಪಾಯಿಂಟಿನ ಸಂದು ಒಂದು ಇಂಚಿನ ಸಾವಿರದಲ್ಲಿ 20 ಪಾಲು, ಪ್ಲಗ್ಗಿನ ಸಂದು 30 ಪಾಲು. ಪಟ್ಟಿಯನ್ನು ಎಳೆದಾಗ ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಹಿಡಿತ ಕೈಗೆ ಸಿಗಬೇಕು. ಪಾಯಿಂಟು ಪದೇಪದೇ ಸುಡುತ್ತಿದ್ದರೆ ತಪ್ಪು ಪಕ್ಕದ ಕಂಡೆನ್ಸರಿನದು. ಬೆರಳು ಗಾತ್ರದ ಆ ಡಬ್ಬಿ ಕೆಟ್ಟು ನಡುದಾರಿಯಲ್ಲಿ ಗಾಡಿ ನಿಲ್ಲಿಸಿದ ಸಂದರ್ಭಗಳಿಗೆ ಲೆಕ್ಕವಿಲ್ಲ, ಅದಕ್ಕೇ ಒಂದು ಜೋಡಿ ಪಾಯಿಂಟು, ಒಂದು ಕಂಡೆನ್ಸರು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇದ್ದೇ ಇರಬೇಕು.

ವೈರಿಂಗಿನ ಅರ್ಧ ತಕರಾರು ಅರ್ಥಿಂಗಿನದು. ಬ್ರೇಕು ಒತ್ತಿದರೆ ಹಿಂದಿನ ಇಂಡಿಕೇಟರು ಮಿಣುಕುತ್ತದೆ, ಹಾರ್ನು ಹೊಡೆದರೆ ಹೆಡ್‌ಲೈಟು ಮಂಕಾಗುತ್ತದೆ ಎಂದರೆ ಕರೆಂಟು ಮರಳುವ ದಾರಿ ಕಾಣದೆ ಪರದಾಡುತ್ತಿದೆ. ಹಳೆಯ ಗಾಡಿಗೆ ಮೂರು ನಾಲ್ಕು ಪದರ ಬಣ್ಣ ಬಳಿದಿರುತ್ತಾರೆ, ಬೋಲ್ಟಿನ ಅಡಿಯಲ್ಲೂ ಬಣ್ಣ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ದಪ್ಪ ಪಟ್ಟಿ ಹಾಕಿ, ಬೋಲ್ಟಿನ ಜಾಗವನ್ನು ಲೋಹ ಹೊಳೆಯುವಂತೆ ಕೆರೆದು ಬಿಗಿದರೆ ದೆವ್ವ ಬಿಟ್ಟ ಹಾಗೆ ಅರ್ಧ ಕಾಟ ಹೋಗುತ್ತದೆ.

ಈಗ ಪೆಟ್ರೋಲು. ಕಬ್ಬಿನ ನಾಡಿನ ಪಿಕಪ್ಪಿಗೆ ಕಬ್ಬಿನಿಂದಲೇ ಬಂದ ಹೊಸ ಪರೀಕ್ಷೆ ಇದು. ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕೆಲಸ 2003ರಲ್ಲಿ ನೂರಕ್ಕೆ 5ರಿಂದ ಶುರುವಾಯಿತು, 2022ಕ್ಕೆ 10 ಮುಟ್ಟಿತು, 2025ಕ್ಕೆ 20. ಕೊಲ್ಹಾಪುರ ಸೀಮೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಗೆ ಇದರಿಂದ ಹೊಸ ವರಮಾನ, ರೈತನಿಗೂ ಅದರಲ್ಲಿ ಪಾಲುಂಟು. ಆದರೆ 1960ರ, 70ರ ದಶಕದ ಗಾಡಿಯ ರಬ್ಬರು ಎಥೆನಾಲನ್ನು ಕಂಡದ್ದಲ್ಲ. ಪೆಟ್ರೋಲ್ ಪೈಪು ಮೆತ್ತಗಾಗಿ ಊದುತ್ತದೆ, ಪಂಪಿನೊಳಗಿನ ಡಯಾಫ್ರಾಮ್ ಬಿರಿಯುತ್ತದೆ. ಟ್ಯಾಂಕಿನ ತಳದಲ್ಲಿ ದಶಕಗಳಿಂದ ಅಂಟಿಕೊಂಡಿದ್ದ ಜಿಗುಟನ್ನೂ ತುಕ್ಕನ್ನೂ ಎಥೆನಾಲು ಎಬ್ಬಿಸಿ ಕಾರ್ಬ್ಯುರೇಟರಿನ ಜೆಟ್ಟಿಗೆ ತಂದು ಕೂರಿಸುತ್ತದೆ. ಗಾಡಿ ನಿಂತಲ್ಲೇ ಚೆನ್ನಾಗಿ ಓಡಿ, ಏರಿಗೆ ಬಂದಾಗ ಕೆಮ್ಮಿ ಸೋಲುವುದಕ್ಕೆ ಬಹಳ ಸಲ ಇದೇ ಕಾರಣ.

ಮಳೆಗಾಲದ ತೊಂದರೆ ಇನ್ನೊಂದು ಬಗೆಯದು. ಎಥೆನಾಲು ತೇವ ಹೀರುತ್ತದೆ. ಅರ್ಧ ಟ್ಯಾಂಕಿನ ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು, ಎಥೆನಾಲು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಪೈಪು ಮೊದಲು ಹೀರುವುದು ಆ ತಳದ್ದನ್ನೇ. ಪರಿಹಾರ ದುಬಾರಿಯದೇನಲ್ಲ. ಟ್ಯಾಂಕು ಇಳಿಸಿ ಒಳಗೆ ಸ್ವಚ್ಛ ಮಾಡಿಸಬೇಕು, ಎಥೆನಾಲ್ ತಡೆಯುವ ಹೊಸ ಪೈಪು, ಹೊಸ ಡಯಾಫ್ರಾಮ್ ಹಾಕಬೇಕು, ಪಂಪಿನ ಮುಂದೆ ಪಾರದರ್ಶಕ ಫಿಲ್ಟರು ಕೂರಿಸಿ ವಾರಕ್ಕೊಮ್ಮೆ ನೋಡಬೇಕು, ಮತ್ತು ಗಾಡಿಯನ್ನು ಓಡಿಸುತ್ತಲೇ ಇರಬೇಕು. ದಿನವೂ ದುಡಿಯುವ ಹಳೆಯ ಗಾಡಿ ಶೆಡ್ಡಿನಲ್ಲಿ ಮುಸುಕು ಹೊದ್ದ ಗಾಡಿಗಿಂತ ಆರೋಗ್ಯವಾಗಿರುವುದನ್ನು ಯಾವ ಮಿಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ. ಒಂದು ಸಮಾಧಾನವೂ ಇದೆ. ಈ ಎಂಜಿನ್ನಿನ ಕಂಪ್ರೆಶನ್ನು 7ರ ಆಸುಪಾಸು, ಬಹಳ ಕಡಿಮೆ. ಹಾಗಾಗಿ ಬಂಕಿನ ಸಾದಾ ಪೆಟ್ರೋಲಿಗೆ ಅದು ಕಟಕಟ ಎನ್ನುವುದಿಲ್ಲ. ಮೈಲೇಜು ಮಾತ್ರ ಲೀಟರಿಗೆ ಎರಡಂಕಿ ಕೇಳಬಾರದು.

ಏಪ್ರಿಲ್ ಮಧ್ಯಾಹ್ನ ಕಾಗಲಿನ ಹತ್ತಿರ ಚೆನ್ನಾಗಿ ಓಡುತ್ತಿದ್ದ ಗಾಡಿ ಚಹಾಕ್ಕೆ ನಿಂತು, ಹತ್ತು ನಿಮಿಷದ ಮೇಲೆ ಹೊರಡಲು ಒಲ್ಲೆ ಎನ್ನುತ್ತದೆ. ಏನೂ ಕೆಟ್ಟಿಲ್ಲ. ಎಕ್ಸಾಸ್ಟಿನ ಕಾವಿಗೆ ಪೈಪಿನಲ್ಲಿದ್ದ ಪೆಟ್ರೋಲು ಕುದಿದು ಆವಿಯಾಗಿದೆ, ಪಂಪು ಆವಿಯನ್ನು ದೂಡಲಾರದು. ಬಾನೆಟ್ಟು ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಇನ್ನೊಂದು ಚಹಾ ಕುಡಿದು ಬಂದರೆ ಒಂದೇ ಸೆಲ್ಫಿಗೆ ಹೊರಡುತ್ತದೆ. ಇಂಥ ಹೊತ್ತಿನಲ್ಲಿ ಕಾರ್ಬ್ಯುರೇಟರು ಬಿಚ್ಚಿದವನು ಇಲ್ಲದ ರೋಗವನ್ನು ಹಚ್ಚಿಕೊಳ್ಳುತ್ತಾನೆ. ರೇಡಿಯೇಟರಿಗೆ ಬೋರಿನ ಗಡಸು ನೀರು ಹಾಕುವುದನ್ನು ಬಿಟ್ಟರೆ ಕಾವಿನ ಇನ್ನರ್ಧ ತೊಂದರೆಯೂ ತಪ್ಪುತ್ತದೆ. ಕುದಿಯುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ನೋಡಿದ ಗೃಹಿಣಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೀಸೆಲ್ ಕೂರಿಸಿದ್ದರೆ ಪಾಯಿಂಟು, ಪ್ಲಗ್ಗಿನ ಈ ಕಥೆ ಇಲ್ಲ. ಮಹೀಂದ್ರಾ ತನ್ನ ಜೀಪುಗಳಿಗೆ ಬಳಸಿದ, ಫ್ರಾನ್ಸಿನ ಪ್ಯೂಜೋ ಕಂಪನಿಯ 2,112 ಸಿಸಿಯ ಎಕ್ಸ್‌ಡಿಪಿ ಎಂಜಿನ್ನು ಈ ಕಡೆ ಬೇಕಾದಷ್ಟು ಸಿಗುತ್ತದೆ. ಅದಕ್ಕೆ ಬರುವ ದೊಡ್ಡ ಕಾಟ ಹವಾ ಹಿಡಿಯುವುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೂ ಕಾದು ಬಿಗಿದರೆ ಮುಗಿಯಿತು. ಚಳಿಗಾಲದ ಮುಂಜಾನೆ ಆಂಬೋಲಿಯ ಕಡೆ ಹೊರಡುವವರು ಹೀಟರ್ ಪ್ಲಗ್ ಕಾಯಿಸುವ ತಾಳ್ಮೆ ಇಟ್ಟುಕೊಳ್ಳಬೇಕು.

ರಸ್ತೆಯ ಮೇಲೆ ಈ ಗಾಡಿಗೆ ತನ್ನದೇ ಒಂದು ಲಯವಿದೆ. ಜೀಪಿನ ಹಿಂದಿನ ಹೌಸಿಂಗಿನ ಹಲ್ಲಿನ ಲೆಕ್ಕ 5.38. ಅಂದರೆ 16 ಇಂಚಿನ ಹಳೆಯ ಟೈರಿನ ಮೇಲೆ ಗಂಟೆಗೆ 60 ಕಿಲೋಮೀಟರಿಗೆ ಎಂಜಿನ್ನು ನಿಮಿಷಕ್ಕೆ ಸುಮಾರು 2,400 ಸುತ್ತು ಹಾಕುತ್ತದೆ, 80ಕ್ಕೆ 3,200. ಅರವತ್ತರಲ್ಲಿ ಅದು ಗುನುಗುತ್ತದೆ, ಎಂಬತ್ತರಲ್ಲಿ ಚೀರುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನೂರರ ಮೇಲೆ ಹೋಗುವವರ ನಡುವೆ ಎಡಗಡೆಯ ಪಟ್ಟಿ ಹಿಡಿದು ಹೋಗುವುದೇ ಕ್ಷೇಮ. ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಓಡುತ್ತಿರುವಾಗ ಅದಕ್ಕೆ ಇಳಿಸಬೇಕಾದರೆ ಕ್ಲಚ್ಚು ಎರಡು ಸಲ ಒತ್ತಿ ನಡುವೆ ರೇಸು ಕೊಡುವ ಹಳೆಯ ವಿದ್ಯೆ ಕಲಿಯಲೇಬೇಕು. ನಿಪ್ಪಾಣಿಯ ಹತ್ತಿರದ ತವಂದಿ ಘಾಟು ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಆ ಒಂದೇ ಲೈನಿನ ಬ್ರೇಕಿನ ಮೇಲೆ ಇಡೀ ಜೀವದ ಭಾರ ಹಾಕುತ್ತಾರೆ. ಬಹಳ ಹಳೆಯ ಮಾದರಿಗಳಲ್ಲಿ ವೈಪರು ಎಂಜಿನ್ನಿನ ಹೀರುವಿಕೆಯಿಂದ ಓಡುತ್ತದೆ. ಮಳೆಯಲ್ಲಿ ಘಾಟು ಹತ್ತುವಾಗ ಎಕ್ಸಲೇಟರು ತುಳಿದಷ್ಟೂ ಆ ಹೀರುವಿಕೆ ಕುಗ್ಗಿ ವೈಪರು ನಡುವಲ್ಲೇ ನಿಲ್ಲುತ್ತದೆ. ಅರೆಗಳಿಗೆ ಕಾಲು ಸಡಿಲಿಸಬೇಕು. ಗಾಜು ಒರೆಸಿಕೊಳ್ಳುತ್ತದೆ, ಮತ್ತೆ ತುಳಿಯಬೇಕು. ಎಲೆಕ್ಟ್ರಿಕ್ ವೈಪರು ಹಾಕಿಸುವುದು ಒಳ್ಳೆಯದು, ಇದರಲ್ಲಿ ಮೂಲರೂಪದ ಹಟ ಬೇಡ. ಹೊರೆಯ ವಿಷಯದಲ್ಲೂ ಅಷ್ಟೆ. 30 ಕಿಲೋದ ಬೆಲ್ಲದ ರವೆ 25 ಏರಿಸಿದರೆ 750 ಕಿಲೋ ಆಯಿತು. ಈ ವಯಸ್ಸಿನ ಸ್ಪ್ರಿಂಗ್ ಪಾಟಾಗಳಿಗೆ ಅಷ್ಟು ಸಾಕು.

ಇಚಲಕರಂಜಿಯಲ್ಲಿ ಮಗ್ಗ ದುರಸ್ತಿ ಮಾಡುವ ಜಾಬರ್ ಒಬ್ಬರ ಬಳಿ ಈ ಗಾಡಿಯನ್ನು ನಿಲ್ಲಿಸಿದರೆ ಅವರು ಬಾನೆಟ್ಟು ಎತ್ತುವ ಮೊದಲು ಕಿವಿ ಕೊಡುತ್ತಾರೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮು ತಂದಾಗಿನಿಂದ ಆ ಊರು ಯಂತ್ರದ ಸದ್ದಿನಲ್ಲೇ ಮಲಗಿ ಎದ್ದಿದೆ. ಸಾಲುಸಾಲು ಮಗ್ಗಗಳ ಖಟಖಟದಲ್ಲಿ ಒಂದು ಮಗ್ಗದ ತಾಳ ತಪ್ಪಿದರೆ ಜಾಬರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ರಬಕವಿ–ಬನಹಟ್ಟಿಯ ಕಡೆಯ ನೇಕಾರರಿಗೂ ಇದೇ ಕಿವಿ. ಪಿಕಪ್ಪಿನ ಒಡೆಯನಿಗೆ ಬೇಕಾದದ್ದೂ ಅದೇ. ತಿರುವಿನಲ್ಲಿ ಮಾತ್ರ ಬರುವ ಕಟಕಟ ಮುಂದಿನ ಜಾಯಿಂಟಿನದು. ಗೇರು ಹಾಕಿ ಕ್ಲಚ್ಚು ಬಿಟ್ಟ ಕ್ಷಣಕ್ಕೆ ಒಮ್ಮೆ ಟಣ್ ಎಂದರೆ ಪ್ರೊಪೆಲರಿನ ಕ್ರಾಸು ಸವೆದಿದೆ. ಐವತ್ತರ ಹತ್ತಿರ ಸ್ಟೇರಿಂಗು ಗದಗದ ನಡುಗಿದರೆ ಕಿಂಗ್ ಪಿನ್ನಿನ ಬೇರಿಂಗು, ಟೈ ರಾಡಿನ ತುದಿಗಳು, ಪಾಟಾದ ಬುಶ್ಶುಗಳನ್ನು ಒಂದೊಂದಾಗಿ ಕೈಯಿಂದ ಅಲುಗಿಸಿ ನೋಡಬೇಕು, ಬರೀ ಸ್ಟೇರಿಂಗ್ ಡ್ಯಾಂಪರು ಹಾಕಿ ನಡುಕ ಮುಚ್ಚಬಾರದು. ಕೇಳಿದ್ದನ್ನು ಬರೆದಿಡಲು ಒಂದು ಉದ್ದನೆಯ ನೋಟ್‌ಬುಕ್ಕು ಸೀಟಿನ ಕೆಳಗೆ ಇರಲಿ: ತಾರೀಖು, ಮೀಟರು, ಏನು ಸದ್ದು, ಏನು ಮಾಡಿದ್ದು, ಯಾವ ಅಂಗಡಿಯಿಂದ ಏನು ತಂದದ್ದು. ಆರು ತಿಂಗಳಿಗೆ ಆ ಗಾಡಿಯ ಪುಸ್ತಕ ತಯಾರಾಗುತ್ತದೆ. ಒಡೆಯನಿಗೆ ವಯಸ್ಸಾದಾಗ ಮಗಳಿಗೋ ಮೊಮ್ಮಗನಿಗೋ ಕೀಲಿಯ ಜೊತೆ ಕೊಡಬಹುದಾದದ್ದು ಅದು.

ಮುರಿದ ಸ್ಟಡ್ಡು ಹಿಡಿದು ಆ ಪಿಕಪ್ಪಿನ ಒಡೆಯ ಮರುದಿನ ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿದ್ದಾನೆ ಎಂದುಕೊಳ್ಳಿ. ಉದ್ಯಮನಗರದ ಒಂದು ಅಂಗಡಿಯ ಗಲ್ಲೆಯ ಮೇಲೆ ಅದನ್ನು ಇಡುತ್ತಾನೆ. ಅಂಗಡಿಯವರು ಕೈಗೆತ್ತಿಕೊಳ್ಳುವುದಕ್ಕೂ ಮೊದಲೇ ಮರಾಠಿಯಲ್ಲಿ ಕೇಳುತ್ತಾರೆ: ಎಡಗಡೆಯದೋ, ಬಲಗಡೆಯದೋ? "ಎಡಗಡೆದು," ಎನ್ನುತ್ತಾನೆ ಇವನು ಕನ್ನಡದಲ್ಲೇ, ಅವರಿಗೂ ಅರ್ಥವಾಗುತ್ತದೆ. ಒಂದರ ಬದಲು ಐದು ಕೊಳ್ಳುತ್ತಾನೆ, ಜೊತೆಗೆ ಕೆಂಪು ಬಣ್ಣದ ಒಂದು ಸಣ್ಣ ಡಬ್ಬಿ. ಸಂಜೆ ಮನೆಯಂಗಳದಲ್ಲಿ ಮಗಳು ಬ್ರಷ್ಷು ಹಿಡಿದು ಎಡಗಡೆಯ ಎರಡೂ ಗಾಲಿಗಳ ನಟ್ಟುಗಳಿಗೆ ಒಂದೊಂದಾಗಿ ಕೆಂಪು ಹಚ್ಚುತ್ತಾಳೆ. ಅಪ್ಪ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಾನೆ: ಕೆಂಪು ನಟ್ಟು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.